ಕೋಳಿಮರಿಗೆ ಬಿಸಿಯಷ್ಟೇ ತಂಪೂ ಬೇಕು

ಒಂದು ದಿನದ ಗಿರಿರಾಜ ಅಥವಾ ಸ್ವರ್ಣಧಾರ ಮರಿಗಳನ್ನು ತಂದು ಹಿತ್ತಲಲ್ಲಿ ಸಾಕುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ 1989ರಲ್ಲಿ ಬಿಡುಗಡೆಯಾದದ್ದೇ ಹಿತ್ತಲ ಸಾಕಣೆಗೆಂದು. ಆದರೆ ತಂದ ಮರಿಗಳು ಮೊದಲ ವಾರದಲ್ಲೇ ಒಂದೊಂದಾಗಿ ಸಾಯತೊಡಗಿದರೆ ‘ಚಳಿ ತಡೆಯಲಿಲ್ಲ’ ಎಂದು ಇನ್ನೊಂದು ಬಲ್ಬು ಹಾಕಿ, ಸುತ್ತಲೂ ಗೋಣಿಚೀಲ ಬಿಗಿದು ಮುಚ್ಚುವವರೇ ಹೆಚ್ಚು. ಬಲ್ಬಿಗಿಂತ ಮೊದಲು ನೋಡಬೇಕಾದ್ದು ಜಾಗವನ್ನು. ಬ್ರೂಡರ್‌ನಲ್ಲಿ, ಅಂದರೆ ಮರಿಗಳಿಗೆ ಕಾವು ಕೊಡುವ ಗೂಡಿನಲ್ಲಿ, ಬೆಚ್ಚಗಿನ ಜಾಗವೂ ಇರಬೇಕು, ತಂಪು ಜಾಗವೂ ಇರಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಮರಿಗೇ ಬಿಡಬೇಕು.

ಮರಿಯ ಮೈಮೇಲೆ ಮೊದಲು ಇರುವುದು ನವಿರಾದ ತುಪ್ಪಳ ಮಾತ್ರ. ನಿಜವಾದ ಗರಿ ಮೂಡಲು ಕೆಲವು ವಾರ ಬೇಕು. ಅಲ್ಲಿಯವರೆಗೆ ತನ್ನ ಮೈಬಿಸಿಯನ್ನು ತಾನೇ ಪೂರ್ತಿಯಾಗಿ ಕಾಯ್ದುಕೊಳ್ಳಲು ಅದಕ್ಕಾಗದು. ಆದ್ದರಿಂದಲೇ ಮೊದಲ ವಾರ ಬಲ್ಬಿನಡಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ ಎನ್ನುತ್ತಾರೆ. ಈ ಲೆಕ್ಕ ಬಲ್ಬಿನ ಕೆಳಗಿನ ಜಾಗಕ್ಕೆ, ಅದೂ ನೆಲಕ್ಕೆ ಹಾಸಿದ ಹೊಟ್ಟಿನಿಂದ ಎರಡು ಅಂಗುಲ ಎತ್ತರದಲ್ಲಿ, ಅಂದರೆ ಮರಿಯ ಬೆನ್ನಿನ ಮಟ್ಟದಲ್ಲಿ ಅಳೆದದ್ದು. ಇಡೀ ಗೂಡನ್ನೇ 35 ಡಿಗ್ರಿಗೆ ಕಾಯಿಸಿದರೆ ಸೆಕೆಯಾದ ಮರಿಗೆ ಓಡಲು ಜಾಗವಿರುವುದಿಲ್ಲ. ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಮೈಯ ನೀರು ಆರಿ ಸಾಯುತ್ತದೆ.

ಹಾಗಾದರೆ 50 ಮರಿಗಳಿಗೆ ಎಷ್ಟು ಜಾಗ ಬೇಕು? ತಗಡು ಅಥವಾ ದಪ್ಪ ರಟ್ಟನ್ನು ಒಂದೂವರೆ ಅಡಿ ಎತ್ತರಕ್ಕೆ ಸುತ್ತಿ, ನಾಲ್ಕು ಅಡಿ ಅಡ್ಡಳತೆಯ ವೃತ್ತ ಮಾಡಿದರೆ ಮೊದಲ ವಾರಕ್ಕೆ ಸಾಕು. ಮರಿ ಬೆಳೆದಂತೆ ಅದನ್ನು ಹಿಗ್ಗಿಸುತ್ತಾ ಹೋಗಬೇಕು. ಮೂಲೆಗಳಿದ್ದರೆ ಬೆದರಿದ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಗಟ್ಟುತ್ತವೆ, ಅದಕ್ಕೇ ದುಂಡಗಿನ ಆವರಣ. ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ 60 ವ್ಯಾಟಿನ ಎರಡು ಹಳೆಯ ಬಗೆಯ ಬಲ್ಬುಗಳನ್ನು ಒಂದು ಪಕ್ಕಕ್ಕೆ ತೂಗುಹಾಕಿದರೆ ಇನ್ನೊಂದು ಪಕ್ಕ ತಂಪಾಗಿ ಉಳಿಯುತ್ತದೆ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಎಲ್‌ಇಡಿ ಬಲ್ಬು ಬೆಳಕು ಕೊಟ್ಟೀತೇ ಹೊರತು ಕಾವು ಕೊಡದು. ಕೆಳಗೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಬೇಕು. ಬರಿಯ ಪತ್ರಿಕೆ ಹಾಸಿದರೆ ಕಾಲು ಜಾರಿ ಮರಿ ಕುಂಟಾಗಬಹುದು. ಇಷ್ಟಾದ ಮೇಲೆ ಥರ್ಮಾಮೀಟರ್‌ಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ: ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ, ಅಂಚಿಗೆ ಸರಿದು ರೆಕ್ಕೆ ಇಳಿಬಿಟ್ಟರೆ ಸೆಕೆ, ಎಲ್ಲವೂ ಒಂದೇ ಬದಿಗೆ ಒತ್ತಿದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ, ಎಲ್ಲೆಡೆ ಹರಡಿಕೊಂಡಿದ್ದರೆ ಎಲ್ಲ ಸರಿಯಿದೆ.

‘ನಾಟಿ ಹೇಂಟೆ ಇದ್ಯಾವುದೂ ಇಲ್ಲದೆ ಹತ್ತು ಹನ್ನೆರಡು ಮರಿ ಸಾಕುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಸಾಕುತ್ತದೆ, ಆದರೆ ಅದರ ರೀತಿ ಇದೇ ವಾದವನ್ನು ಬಲಪಡಿಸುತ್ತದೆ. ತಾಯಿ ಮರಿಗಳನ್ನು ದಿನವಿಡೀ ರೆಕ್ಕೆಯಡಿ ಹಿಡಿದಿಡುವುದಿಲ್ಲ. ಅವು ಹೊರಗೋಡಿ ಕೆದಕುತ್ತವೆ, ಚಳಿಯಾದಾಗ ಹಿಂದಿರುಗಿ ರೆಕ್ಕೆಯೊಳಗೆ ಸೇರುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾವು ಏಕೆಂಬುದು ಇನ್ನೊಂದು ಪ್ರಶ್ನೆ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಬಲ್ಬು ಆರಿಸಬೇಕಾದ್ದೇ ಸರಿ, ಆಗ ನೆರಳು ಮತ್ತು ತಣ್ಣೀರೇ ಆರೈಕೆ. ಬೆಳಗಿನ ಜಾವ ತಂಪೇರಿದರೆ ಮೊದಲ ವಾರದ ಮರಿಗೆ ಮತ್ತೆ ಕಾವು ಬೇಕಾಗುತ್ತದೆ.

ಎಲ್ಲವನ್ನೂ ಮುಚ್ಚಿಬಿಟ್ಟರೆ ಸುರಕ್ಷಿತ ಎಂಬ ನಂಬಿಕೆಯೇ ಹೆಚ್ಚು ಅಪಾಯದ್ದು. ಗಾಳಿಯಾಡದ ಕಡೆ ಹೊಟ್ಟು ಒದ್ದೆಯಾಗಿ, ಹಿಕ್ಕೆಯಿಂದೇಳುವ ಅಮೋನಿಯ ಕಣ್ಣು, ಶ್ವಾಸನಾಳಗಳನ್ನು ಕೆಡಿಸುತ್ತದೆ. ರಕ್ತಭೇದಿ ತರುವ ಕಾಕ್ಸಿಡಿಯ ಜೀವಿಗೂ ಒದ್ದೆ ಹೊಟ್ಟೇ ಬೇಕು. ಕರೆಂಟು ಹೋಯಿತೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮರಿಗಳನ್ನಷ್ಟೇ ಅಲ್ಲ, ಅಲ್ಲೇ ಮಲಗಿದ ಮನುಷ್ಯರನ್ನೂ ಕೊಲ್ಲಬಲ್ಲದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳು ಅದಕ್ಕಿಂತ ಎಷ್ಟೋ ಮೇಲು. ಗಾಳಿ ನೇರವಾಗಿ ಮರಿಗೆ ಬಡಿಯದಂತೆ ಕೆಳಗೆ ಆವರಣವಿರಲಿ, ಮೇಲ್ಭಾಗ ತೆರೆದಿರಲಿ. ಇಲಿ, ಹೆಗ್ಗಣ, ಹಾವು, ಬೆಕ್ಕು ನುಗ್ಗದಂತೆ ಅದಕ್ಕೆ ಸಣ್ಣ ಕಣ್ಣಿನ ತಂತಿ ಬಲೆ ಬಿಗಿಯಿರಿ. ಬಲ್ಬನ್ನು ವೈರಿನ ಮೇಲೆ ಜೋತುಬಿಡದೆ ಸರಪಳಿಯಿಂದ ಗಟ್ಟಿಯಾಗಿ ಕಟ್ಟಿರಿ, ಬಿದ್ದರೆ ಒಣ ಹೊಟ್ಟಿಗೆ ಬೆಂಕಿ ಹತ್ತಬಹುದು. ಮರಿ ತರುವ ಹಿಂದಿನ ದಿನವೇ ಇಷ್ಟನ್ನೂ ಸಿದ್ಧಮಾಡಿ, ಬಲ್ಬು ಉರಿಸಿ, ಬಿಸಿ ಎಷ್ಟೆಂದು ಅಳೆದು ನೋಡಿ. ಆಮೇಲಷ್ಟೇ ಮರಿ ತನ್ನಿ.