ಮನೆಯ ಕಂಪ್ಯೂಟರಿಗೆ ಬೇರೆ ಸೌಂಡ್ ಕಾರ್ಡ್ ಬೇಕೇ?

ನವಲಗುಂದ ತಾಲ್ಲೂಕಿನ ಮೊರಬಕ್ಕೆ ಹೋದಾಗ ಅಲ್ಲಿಯ ಶಿಕ್ಷಕರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದೊಯ್ದರು. ಅವರ ಮಗಳು ಆರನೆಯ ತರಗತಿ. ಪ್ರತಿಭಾ ಕಾರಂಜಿಗೆಂದು ಹಾಡು ಕಲಿಯುತ್ತಿದ್ದಳು. ತಾನು ಹಾಡಿದ್ದನ್ನು ಕಂಪ್ಯೂಟರಿನಲ್ಲಿ ಮುದ್ರಿಸಿ, ಕೇಳಿ, ತಿದ್ದಿಕೊಳ್ಳಬೇಕೆಂಬುದು ಅವಳ ಆಸೆ. “ಹಾಡಿಗಿಂತ ಗುಂಯ್ ಅನ್ನೂದ ಜಾಸ್ತಿ ಕೇಳತೈತ್ರಿ ಸರ್. ಅಂಗಡ್ಯಾಗ ಕೇಳಿದ್ರ ಬ್ಯಾರೆ ಸೌಂಡ್ ಕಾರ್ಡ್ ಹಾಕಸ್ರಿ ಅಂದ್ರು. ಹಾಕಸೂಣೇನ್ರಿ?” ಎಂದರು ಶಿಕ್ಷಕರು. ಸಾವಿರಾರು ರೂಪಾಯಿಯ ಮಾತು. ಮೊದಲು ಆ ಕಾರ್ಡು ಮಾಡುವ ಕೆಲಸವೇನು ಎಂದು ತಿಳಿಯೋಣ ಎಂದೆ.

ಮಕ್ಕಳೇ, ಧ್ವನಿ ಎಂದರೆ ಗಾಳಿಯಲ್ಲಿ ಸಾಗುವ ಕಂಪನ. ಮೈಕು ಈ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಆದರೆ ಕಂಪ್ಯೂಟರಿಗೆ ತಿಳಿಯುವುದು ಅಂಕಿಗಳು ಮಾತ್ರ. ಏರಿಳಿತವನ್ನು ಅಂಕಿ ಮಾಡುವುದು, ಅಂಕಿಯನ್ನು ಮತ್ತೆ ಏರಿಳಿತ ಮಾಡಿ ಸ್ಪೀಕರಿಗೆ ಕಳಿಸುವುದು ಸೌಂಡ್ ಕಾರ್ಡಿನ ಕೆಲಸ.

ತಗ್ಗು ದಿಬ್ಬ ಇರುವ ಹೊಲದ ನಕ್ಷೆ ಬರೆಯಬೇಕೆಂದುಕೊಳ್ಳಿ. ಸಮ ಅಂತರದಲ್ಲಿ ಗೂಟ ನೆಟ್ಟು, ಒಂದೊಂದು ಗೂಟದ ಬಳಿ ನೆಲದ ಎತ್ತರ ಅಳೆದು ಬರೆದುಕೊಳ್ಳುತ್ತೇವೆ. ಗೂಟಗಳು ದೂರ ದೂರವಾದರೆ ನಡುವಿನ ತಗ್ಗು ನಕ್ಷೆಯಲ್ಲಿ ಕಾಣುವುದೇ ಇಲ್ಲ. ಧ್ವನಿಗೂ ಹೀಗೆಯೇ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳತೆ ಇರುತ್ತದೆ. ಇಷ್ಟು ಏಕೆ? ನಮ್ಮ ಕಿವಿಗೆ ಕೇಳಿಸುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನ. ಒಂದು ಕಂಪನವನ್ನು ತಪ್ಪಿಲ್ಲದೆ ಹಿಡಿಯಲು ಅದರ ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚು ಅಳತೆ ಬೇಕು. 20,000ದ ಎರಡರಷ್ಟು 40,000. ಅದಕ್ಕಿಂತ ತುಸು ಹೆಚ್ಚು 44,100. ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಾಗಿ ಬರೆಯಲಾಗುತ್ತದೆ. ಇದೇ 16 ಬಿಟ್.

1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಬೀಪ್ ಎನ್ನುವ ಚಿಕ್ಕ ಸ್ಪೀಕರು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಡು ಬೇಕಾದವರು ಬೇರೆ ಕಾರ್ಡನ್ನೇ ಹಾಕಿಸಬೇಕಿತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ 1989ರಲ್ಲಿ ಬಂದು ಹೆಸರಾಯಿತು. 1997ರಲ್ಲಿ ಇಂಟೆಲ್ ಕಂಪನಿ ಎ.ಸಿ. 97 ಎಂಬ ಮಾನಕವನ್ನು, 2004ರಲ್ಲಿ ಅದಕ್ಕಿಂತ ಉತ್ತಮವಾದ ಎಚ್.ಡಿ. ಆಡಿಯೋ ಮಾನಕವನ್ನು ಹೊರತಂದಿತು. ಅಂದಿನಿಂದ ಈ ಕೆಲಸ ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿಗೆ ಇಳಿಯಿತು. ಎಚ್.ಡಿ. ಆಡಿಯೋ ಸೆಕೆಂಡಿಗೆ 1,92,000 ಅಳತೆಗಳವರೆಗೂ ಹೋಗಬಲ್ಲದು. ಹಾಡು ಕೇಳಲು, ಪಾಠದ ವಿಡಿಯೋ ನೋಡಲು ಇದು ಧಾರಾಳವಾಗಿ ಸಾಕು.

ಹಾಗಾದರೆ ಮೊರಬದ ಮನೆಯ ಗುಂಯ್ ಎಲ್ಲಿಂದ ಬಂತು? ಸ್ಪೀಕರು ತೆಗೆದು ಇಯರ್‌ಫೋನನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ ಕೇಳಿದೆವು. ಗುಂಯ್ ಇಲ್ಲ! ಅಂದರೆ ಚಿಪ್ಪಿನ ತಪ್ಪಲ್ಲ. ಕಂಪ್ಯೂಟರು ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರು ಎದುರು ಗೋಡೆಯ ಪ್ಲಗ್ಗಿನಲ್ಲಿ ಇದ್ದವು. ಎರಡು ಕಡೆಯ ಅರ್ಥಿಂಗ್ ತಂತಿಗಳ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸವಿದ್ದರೂ ಧ್ವನಿಯ ಕೇಬಲ್ಲಿನ ಮೂಲಕ ವಿದ್ಯುತ್ ಹರಿಯುತ್ತದೆ. ನಮ್ಮ ವಿದ್ಯುತ್ತಿನ ಆವರ್ತ 50 ಹರ್ಟ್ಸ್. ಅದೇ ಗುಂಯ್ ಎಂದು ಕೇಳಿಸುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆವು. ಸಪ್ಪಳ ಬಹುತೇಕ ಅಡಗಿತು. ಖರ್ಚು ಏನೂ ಇಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತೊಂದರೆಯಿದೆ. ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆಗ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ, ತಗಡಿಗೂ ಮಣ್ಣಿಗೂ ಸಂಪರ್ಕ ಕಡಿಮೆಯಾಗುತ್ತದೆ. ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುವುದೂ ಇದರಿಂದಲೇ ಇರಬಹುದು. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಹನಿಸುವುದು ಇದಕ್ಕಾಗಿಯೇ. ಈ ಕೆಲಸ ವಿದ್ಯುತ್ ಕೆಲಸಗಾರರದು, ಮಕ್ಕಳು ಕೈ ಹಾಕಬಾರದು. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಕತ್ತರಿಸುವವರನ್ನೂ ನಾನು ಕಂಡಿದ್ದೇನೆ. ಜೀವಕ್ಕೇ ಅಪಾಯ, ಖಂಡಿತ ಮಾಡಬೇಡಿ.

ಹುಡುಗಿಯ ಹಾಡಿನ ಹಿಂದೆ ಇನ್ನೂ ಸಣ್ಣಗೆ ಸುಂಯ್ ಎನ್ನುವುದು ಉಳಿದಿತ್ತು. ಮೈಕಿನಿಂದ ಬರುವ ವಿದ್ಯುತ್ ಬಹಳ ಕ್ಷೀಣ. ಚಿಪ್ಪು ಅದನ್ನು ಹಿಗ್ಗಿಸುವಾಗ ಪೆಟ್ಟಿಗೆಯೊಳಗಿನ ವಿದ್ಯುತ್ ಗದ್ದಲವೂ ಹಿಗ್ಗುತ್ತದೆ. ಮೌಸ್ ಆಡಿಸಿದಾಗ ಸಪ್ಪಳ ಬದಲಾದರೆ ಇದೇ ಕಾರಣ ಎಂದು ತಿಳಿಯಬಹುದು. ಬೇರೆ ಕಾರ್ಡಿನ ಮಾತು ಬರುವುದು ಇಲ್ಲಿ. ಅದೂ ಪೆಟ್ಟಿಗೆಯೊಳಗೆ ಕೂರುವ ಕಾರ್ಡಿಗಿಂತ ಹೊರಗಿನಿಂದ ಯು.ಎಸ್.ಬಿ.ಗೆ ಚುಚ್ಚುವ ಸಾಧನ ಅಥವಾ ಯು.ಎಸ್.ಬಿ. ಮೈಕು ಒಳ್ಳೆಯದೆಂದು ನನ್ನ ಅನಿಸಿಕೆ. ಗದ್ದಲದಿಂದ ಅದು ದೂರ ಇರುತ್ತದೆ. ಇದ್ದ ಚಿಪ್ಪು ಸುಟ್ಟಿದ್ದರೂ ಕೆಲವು ನೂರು ರೂಪಾಯಿಯ ಯು.ಎಸ್.ಬಿ. ಸಾಧನ ಸಾಕು. ತಂಬೂರಿ, ತಬಲಾ, ಹಾರ್ಮೋನಿಯಂಗಳಿಗೆ ಬೇರೆ ಬೇರೆ ಮೈಕು ಇಟ್ಟು ಒಟ್ಟಿಗೆ ಮುದ್ರಿಸುವವರಿಗೆ ಮಾತ್ರ ದೊಡ್ಡ ಸಾಧನ ಬೇಕು. ಆ ಹುಡುಗಿಗೆ ಸದ್ಯಕ್ಕೆ ಫ್ಯಾನು ನಿಲ್ಲಿಸಿ, ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ಇಟ್ಟುಕೊಂಡು ಹಾಡಲು ಹೇಳಿದೆ. ಸುಂಯ್ ಬಹಳ ತಗ್ಗಿತು. ಹಿತ್ತಲಿನ ಕೋಳಿ ಕೂಗಿದ್ದೂ ಮುದ್ರಣವಾಯಿತು. ಅದಕ್ಕೆ ಯಾವ ಕಾರ್ಡಿನಲ್ಲೂ ಮದ್ದಿಲ್ಲ!

ಮಾಡಿ ನೋಡಿ: ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅಳತೆಯ ವೇಗವನ್ನು 44,100 ಇಟ್ಟು “ಸಾಸಿವೆ, ಶಂಖ, ಸಂಸಾರ” ಎಂದು ಹೇಳಿ ಮುದ್ರಿಸಿ. ಅನಂತರ ವೇಗವನ್ನು 8,000ಕ್ಕೆ ಇಳಿಸಿ ಅವೇ ಪದಗಳನ್ನು ಮತ್ತೆ ಮುದ್ರಿಸಿ. ಎರಡನೆಯದರಲ್ಲಿ ‘ಸ’ಕಾರ ಮಂಕಾಗಿ ಕೇಳಿಸುತ್ತದೆ. 8,000 ಅಳತೆಗೆ 4,000 ಹರ್ಟ್ಸ್‌ಗಿಂತ ಮೇಲಿನ ಕಂಪನ ಸಿಗುವುದಿಲ್ಲ. ‘ಸ’ಕಾರದ ಬಹುಪಾಲು ಇರುವುದು ಅದಕ್ಕಿಂತ ಮೇಲೆಯೇ. ‘ಮ’, ‘ನ’ ಅಕ್ಷರಗಳಲ್ಲಿಯೂ ಇಷ್ಟೇ ವ್ಯತ್ಯಾಸ ಕಾಣುತ್ತದೆಯೇ, ಪರೀಕ್ಷಿಸಿ.