ಆನ್‌ಲೈನ್ ಕೌನ್ಸೆಲಿಂಗ್: ಫೋನ್‌ನಲ್ಲಿ ಮನಸ್ಸು ಬಿಚ್ಚಿ ಮಾತಾಡೋದು ಎಷ್ಟು ಸುಲಭ?

ಇವತ್ತು ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ ಮಾತಾಡೋಣ. ಇಯರ್‌ಫೋನ್ ಹಾಕ್ಕೊಂಡಿದ್ದೀರಿ ತಾನೆ? ಹಾಕ್ಕೊಂಡೇ ಇರಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಅನುಕೂಲದ ಮಾತು. ಹಾವೇರಿಯಲ್ಲೋ ಚಿಂತಾಮಣಿಯಲ್ಲೋ ಇರೋ ಒಬ್ಬ ಹುಡುಗಿ ಮನೋವೈದ್ಯರ ಕ್ಲಿನಿಕ್ ಮೆಟ್ಟಿಲು ಹತ್ತಿದಳು ಅಂದ್ಕೊಳ್ಳಿ. ಅವಳು ಮನೆ ತಲುಪೋ ಮೊದಲೇ ಸುದ್ದಿ ತಲುಪಿರುತ್ತೆ. ‘ಅಲ್ಲಿಗೆ ಯಾಕಮ್ಮ ಹೋಗಿದ್ದೆ?’ ಅನ್ನೋ ಒಂದು ಪ್ರಶ್ನೆಗೆ ಹೆದರಿಯೇ ಎಷ್ಟೋ ಜನ ವರ್ಷಗಟ್ಟಲೆ ಸುಮ್ಮನಿರ್ತಾರೆ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಸಮಸ್ಯೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೂ ಇತ್ತು. ನಾಚಿಕೆ ಒಂದೇ ಕಾರಣ ಅಲ್ಲ. ದೂರ, ಖರ್ಚು, ವೈದ್ಯರ ಕೊರತೆ ಎಲ್ಲವೂ ಇದೆ. ಆದರೆ ಫೋನ್ ಇವೆಲ್ಲದರ ಭಾರವನ್ನೂ ಸ್ವಲ್ಪ ಇಳಿಸುತ್ತೆ. ಖಿನ್ನತೆ, ಆತಂಕದಂಥ ಸಮಸ್ಯೆಗಳಿಗೆ ವಿಡಿಯೊ ಮೂಲಕ ಮಾಡೋ ಥೆರಪಿಯಿಂದ, ಎದುರು ಕೂತು ಮಾಡಿದಷ್ಟೇ ಪ್ರಯೋಜನ ಸಿಗಬಹುದು ಅಂತ ಹಲವು ಅಧ್ಯಯನಗಳೂ ಹೇಳಿವೆ. ಹಾಗಾಗಿ ‘ಫೋನಲ್ಲಿ ಏನು ಸಮಾಧಾನ ಸಿಗುತ್ತೆ ಬಿಡಿ’ ಅನ್ನೋರ ಮಾತನ್ನ ನಾನಂತೂ ಒಪ್ಪಲ್ಲ.

ನನ್ನ ತಕರಾರು ಬೇರೆ. ಕ್ಲಿನಿಕ್‌ಗೆ ಹೋದರೆ ಬಾಗಿಲು ಮುಚ್ಚೋ ಕೆಲಸ ಅವರದು. ಆನ್‌ಲೈನ್‌ನಲ್ಲಿ ಅದು ನಿಮ್ಮ ತಲೆ ಮೇಲೆ ಬೀಳುತ್ತೆ. ಮುಚ್ಚೋಕೆ ಒಂದು ಬಾಗಿಲು ಎಲ್ಲರ ಹತ್ರ ಇದೆಯಾ? ಬೆಂಗಳೂರಿನ ಪಿಜಿಯಲ್ಲಿ ತ್ರೀ ಶೇರಿಂಗ್ ರೂಮು. ಊರಲ್ಲಿ ಹಾಲ್‌ನಲ್ಲಿ ಟಿವಿ, ಪಕ್ಕದಲ್ಲಿ ಅಜ್ಜಿ. ‘ಮನೆಯಲ್ಲಿ ಏನು ತೊಂದರೆ?’ ಅಂತ ಕೌನ್ಸೆಲರ್ ಕೇಳಿದಾಗ, ತೊಂದರೆ ಕೊಡೋ ವ್ಯಕ್ತಿ ಪಕ್ಕದ ರೂಮಲ್ಲೇ ಇದ್ದರೆ ಏನಂತ ಹೇಳೋದು? ‘ಏನಿಲ್ಲ ಮೇಡಂ, ಓದಿನ ಟೆನ್ಶನ್ ಅಷ್ಟೇ’ ಅಂತೀರಿ. ಸೆಷನ್ ಮುಗಿಯುತ್ತೆ, ದುಡ್ಡೂ ಹೋಗುತ್ತೆ, ವಿಷಯ ಮಾತ್ರ ಹೊರಗೆ ಬರೋದೇ ಇಲ್ಲ.

ಇಯರ್‌ಫೋನ್ ಹಾಕ್ಕೊಂಡೇ ಇರಿ ಅಂದಿದ್ದು ಇದಕ್ಕೇ. ಅದರಿಂದ ಅವರ ಮಾತು ಹೊರಗೆ ಕೇಳಲ್ಲ, ಆದರೆ ನಿಮ್ಮ ಮಾತು ಕೇಳುತ್ತೆ. ಟೆರೇಸ್, ಪಾರ್ಕಿನ ಬೆಂಚು, ನಿಲ್ಲಿಸಿದ ಕಾರು, ಎಲ್ಲಾದರೂ ಒಂದು ಜಾಗ ಮೊದಲೇ ಗೊತ್ತು ಮಾಡ್ಕೊಳ್ಳಿ. ‘ನಾನು ಈಗ ಬಿಡಿಸಿ ಮಾತಾಡೋ ಹಾಗಿಲ್ಲ’ ಅಂತ ಶುರುವಿನಲ್ಲೇ ಹೇಳಿಬಿಟ್ಟರೂ ತಪ್ಪಿಲ್ಲ. ಆಗ ಸಮಯ ಬದಲಿಸೋಕೆ ಕೇಳಬಹುದು, ಇಲ್ಲವೇ ಹೌದು–ಇಲ್ಲ ಅಂತ ಉತ್ತರಿಸೋ ಹಾಗೆ ಪ್ರಶ್ನೆ ಕೇಳಿ ಅನ್ನಬಹುದು.

ಇನ್ನು ಆ ಕಡೆ ಯಾರಿದ್ದಾರೆ ಅನ್ನೋ ಪ್ರಶ್ನೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿರೋ ಡಾಕ್ಟರ್, ಮಾತ್ರೆ ಬರೆಯಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಇರುತ್ತೆ. ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಅನ್ನೋ ಹೆಸರುಗಳನ್ನ ಪ್ರೊಫೈಲ್‌ಗೆ ಹಾಕ್ಕೊಳ್ಳೋದು ಮಾತ್ರ ಸುಲಭ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿದ್ದೀರಿ ಅಂತ ಕೇಳೋಕೆ ಸಂಕೋಚ ಬೇಡ. ಟೈಲರ್ ಹತ್ರ ಬಟ್ಟೆ ಕೊಡೋಕೇ ನಾಲ್ಕು ಜನರನ್ನ ವಿಚಾರಿಸ್ತೀವಿ!

ಗುಟ್ಟಿನ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಚಿಕಿತ್ಸೆ ಕೊಡೋರು ನಿಮ್ಮ ಮಾಹಿತಿಯನ್ನ ಗೌಪ್ಯವಾಗಿಡಬೇಕು. ಜೀವಕ್ಕೆ ಅಪಾಯ ಇರೋವಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಆದರೆ ಗುಟ್ಟು ತಿಳಿಯೋದು ಕೌನ್ಸೆಲರ್‌ಗೆ ಮಾತ್ರ ಅಲ್ಲ, ಆ್ಯಪ್‌ಗೂ ತಿಳಿಯುತ್ತೆ. ಅಮೆರಿಕದ ಬೆಟರ್‌ಹೆಲ್ಪ್ ಅನ್ನೋ ದೊಡ್ಡ ಕೌನ್ಸೆಲಿಂಗ್ ಕಂಪನಿ ಬಳಕೆದಾರರ ಮಾಹಿತಿಯನ್ನ ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ಕೊಟ್ಟಿತ್ತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಕಟ್ಟೋಕೆ ಒಪ್ಪಬೇಕಾಯ್ತು. ಆದ್ದರಿಂದ ಆ್ಯಪ್ ಹಾಕ್ಕೊಂಡ ಕೂಡಲೇ ಬರೋ ಉದ್ದದ ಪ್ರಶ್ನಾವಳಿಗೆ ಕಣ್ಣು ಮುಚ್ಚಿ ಉತ್ತರ ತುಂಬಬೇಡಿ.

ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು. ‘ಈಗ ನೀವು ಎಲ್ಲಿದ್ದೀರಿ, ತುರ್ತಾದರೆ ಯಾರಿಗೆ ಫೋನ್ ಮಾಡಲಿ?’ ಅಂತ ಒಳ್ಳೆಯ ಕೌನ್ಸೆಲರ್ ಮೊದಲ ಸೆಷನ್‌ನಲ್ಲೇ ಕೇಳ್ತಾರೆ. ಇದು ಅತಿಯಾಯ್ತು ಅಂತ ಅನ್ನಿಸಬಹುದು, ಆದರೆ ಇದನ್ನ ಕೇಳದೇ ಇರೋರ ಬಗ್ಗೆಯೇ ನನಗೆ ಅನುಮಾನ. ನೀವು ಕುಸಿದು ಕೂತ ಹೊತ್ತಲ್ಲಿ ನೆಟ್‌ವರ್ಕ್ ಹೋದರೆ, 400 ಕಿಲೋಮೀಟರ್ ದೂರ ಇರೋರು ಮಾಡೋದಾದರೂ ಏನು? ಜೀವ ಕಳಕೊಳ್ಳೋ ಯೋಚನೆ, ಯಾರೂ ಇಲ್ಲದಾಗ ಧ್ವನಿ ಕೇಳಿಸೋದು, ದಿನಗಟ್ಟಲೆ ನಿದ್ದೆ–ಊಟ ಬಿಡೋದು, ಇವು ಆ್ಯಪ್ ಚಾಟ್‌ಗೆ ಬಿಡೋ ವಿಷಯಗಳಲ್ಲ. ಜಿಲ್ಲಾಸ್ಪತ್ರೆಗೋ ಹತ್ತಿರದ ಮನೋವೈದ್ಯರ ಹತ್ರವೋ ಹೋಗಲೇಬೇಕು. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ.

ದುಡ್ಡಿಲ್ಲ, ಯಾವ ಆ್ಯಪ್ ನಂಬಬೇಕೋ ಗೊತ್ತಿಲ್ಲ ಅನ್ನೋರಿಗೆ ಸರ್ಕಾರದ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯ್ತು, ಇದರ ನೋಡಲ್ ಕೇಂದ್ರ ನಮ್ಮ ನಿಮ್ಹಾನ್ಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ್ಯಪ್ ಬೇಡ, ಡೇಟಾ ಬೇಡ, ಕೀಪ್ಯಾಡ್ ಫೋನ್ ಸಾಕು. ನಂಬರ್ 14416. ಈಗಲೇ ಸೇವ್ ಮಾಡ್ಕೊಳ್ಳಿ. ‘ಮಾನಸ್’ ಅಂತಲೇ ಸೇವ್ ಮಾಡಿ, ಯಾರಾದರೂ ನೋಡಿದರೂ ಫ್ರೆಂಡ್ ಹೆಸರು ಅಂದ್ಕೋತಾರೆ.