ಮೈಲೋಮ ರೋಗದ ತೀವ್ರ ಚಿಕಿತ್ಸೆ ಮತ್ತು ರೋಗಿಯ ಅನುಭವ

ಅಸ್ಥಿಮಜ್ಜೆಯಲ್ಲಿ ಪ್ಲಾಸ್ಮಾಕೋಶಗಳೆಂಬ ಜೀವಕೋಶಗಳಿವೆ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುವುದು ಇವುಗಳ ಕೆಲಸ. ಒಂದೇ ಸಂತತಿಯ ಪ್ಲಾಸ್ಮಾಕೋಶಗಳು ಅಂಕೆ ಮೀರಿ ಬೆಳೆದು, ನಿಷ್ಪ್ರಯೋಜಕವಾದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯತೊಡಗಿದಾಗ ಆ ರೋಗವನ್ನು ಮಲ್ಟಿಪಲ್ ಮೈಲೋಮ ಎನ್ನುತ್ತಾರೆ. ಎಲುಬುಗಳು ಸವೆಯುತ್ತವೆ, ರಕ್ತಹೀನತೆ ಬರುತ್ತದೆ, ಮೂತ್ರಪಿಂಡಗಳು ಕೆಡುತ್ತವೆ. ಲಂಡನ್ನಿನ ಸ್ಯಾಮ್ಯುಯೆಲ್ ಸಾಲಿ 1844ರಲ್ಲಿ ವರ್ಣಿಸಿದ ಸಾರಾ ನ್ಯೂಬರಿ ಎಂಬಾಕೆಯ ತೊಡೆಯೆಲುಬು, ಗಂಡನು ಆಕೆಯನ್ನು ಎತ್ತಿ ಹಾಸಿಗೆಗೆ ಒಯ್ಯುವಾಗಲೇ ಮುರಿಯಿತು. ಆಕೆಗೆ ದೊರೆತ ಔಷಧವೆಂದರೆ ಕಿತ್ತಳೆ ಸಿಪ್ಪೆಯ ಕಷಾಯ, ರೂಬಾರ್ಬ್ ಬೇರಿನ ಗುಳಿಗೆ, ರಾತ್ರಿಯ ಹೊತ್ತು ಅಫೀಮು.

ಈ ರೋಗಕ್ಕೆ ಇಂದು ಕೊಡುತ್ತಿರುವ ತೀವ್ರ ಚಿಕಿತ್ಸೆಯು ರೋಗಿಯಿಂದ ಏನನ್ನು ಕೇಳುತ್ತದೆ, ಪ್ರತಿಯಾಗಿ ಏನನ್ನು ಕೊಡುತ್ತದೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಚಿಕಿತ್ಸೆಯ ಮುಖ್ಯ ಔಷಧ ಮೆಲ್ಫಲಾನ್. ಯುದ್ಧದಲ್ಲಿ ಬಳಸಿದ ಮಸ್ಟರ್ಡ್ ಅನಿಲದ ವಂಶಕ್ಕೆ ಸೇರಿದ ವಸ್ತು. ಮೊದಲು ಇದನ್ನು ಅಲ್ಪ ಪ್ರಮಾಣದಲ್ಲಿ ಗುಳಿಗೆಯಾಗಿ ಕೊಡುತ್ತಿದ್ದರು. 1983ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್ಡನ್ ಆಸ್ಪತ್ರೆಯ ಮೆಕೆಲ್ವೇನ್ ಮತ್ತು ಪೌಲ್ಸ್, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 140 ಮಿಲಿಗ್ರಾಮಿನಂತೆ ಇದನ್ನು ರಕ್ತನಾಳದ ಮೂಲಕ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ರೋಗವೇನೋ ಬಹುವಾಗಿ ಇಳಿಯಿತು. ಅದರೊಡನೆ ಮಜ್ಜೆಯೂ ಬರಿದಾಯಿತು. ರೋಗಿಯ ಆಕರಕೋಶಗಳನ್ನು ಮುಂಚಿತವಾಗಿ ತೆಗೆದಿರಿಸಿ, ಔಷಧ ಕೊಟ್ಟ ಮೇಲೆ ಹಿಂದಿರುಗಿಸುವ ಪದ್ಧತಿ ಇದಕ್ಕೆ ಪರಿಹಾರವಾಗಿ ಬೆಳೆಯಿತು. ಈಗ ವಾಡಿಕೆಯಲ್ಲಿರುವ ಪ್ರಮಾಣ 200 ಮಿಲಿಗ್ರಾಂ. ಜನರು ಇದನ್ನು ‘ಮಜ್ಜೆಯ ಕಸಿ’ ಎನ್ನುವುದು ರೂಢಿಯಾಗಿದ್ದರೂ ಆ ಮಾತು ಅಷ್ಟು ಸಮರ್ಪಕವಲ್ಲವೆಂದು ನಮ್ಮ ಅಭಿಪ್ರಾಯ. ಇಲ್ಲಿ ಶಸ್ತ್ರಕ್ರಿಯೆಯಿಲ್ಲ, ದಾನಿಯಿಲ್ಲ. ರೋಗವನ್ನು ಇಳಿಸುವುದು ಔಷಧ. ಆ ಔಷಧದಿಂದ ರೋಗಿಯನ್ನು ಉಳಿಸುವುದು ಅವನದೇ ಜೀವಕೋಶಗಳು.

ರೋಗಿಯ ಪಾಲಿಗೆ ಇದು ಒಂದು ದಿನದ ಸಂಗತಿಯಲ್ಲ. ಮೊದಲ ಕೆಲವು ತಿಂಗಳು ಬಾರ್ಟೆಜೊಮಿಬ್, ಲೆನಲಿಡೊಮೈಡ್, ಡೆಕ್ಸಾಮೆಥಸೋನ್ ಮೊದಲಾದ ಔಷಧಗಳಿಂದ ರೋಗವನ್ನು ಇಳಿಸಬೇಕು. ಬಾರ್ಟೆಜೊಮಿಬ್‌ನಿಂದ ಅಂಗಾಲು ಜೋಮುಗಟ್ಟಿ ಉರಿಯುವುದುಂಟು. ಡೆಕ್ಸಾಮೆಥಸೋನ್ ತೆಗೆದುಕೊಂಡ ರಾತ್ರಿ ನಿದ್ರೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಮನೆಯವರು ಇದನ್ನು ಸ್ವಭಾವದ ಬದಲಾವಣೆಯೆಂದು ಭಾವಿಸಿ ನೊಂದುಕೊಳ್ಳುವ ಸಂಭವವಿರುವುದರಿಂದ ವೈದ್ಯರು ಮೊದಲೇ ತಿಳಿಸಿರುವುದು ಒಳ್ಳೆಯದು. ಅನಂತರ ನಾಲ್ಕೈದು ದಿನ ಆಕರಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಹೊರಡಿಸುವ ಚುಚ್ಚುಮದ್ದು. ಆಗ ಸೊಂಟದ ಮತ್ತು ಎದೆಯ ಎಲುಬುಗಳು ಒಳಗಿನಿಂದ ಮಿಡಿಯುವಂತೆ ನೋಯುತ್ತವೆ. ಹೀಗೆ ಹೊರಟ ಕೋಶಗಳನ್ನು ಯಂತ್ರವೊಂದು ನಾಲ್ಕೈದು ಗಂಟೆಗಳ ಕಾಲ ರಕ್ತವನ್ನು ಸೋಸಿ ಬೇರ್ಪಡಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟು ಕ್ಯಾಲ್ಸಿಯಮನ್ನು ಹಿಡಿದಿಡುವುದರಿಂದ ತುಟಿಗಳು ಜುಮುಗುಟ್ಟುತ್ತವೆ.

ಮೆಲ್ಫಲಾನ್ ಕೊಡುವ ದಿನ ರೋಗಿಯು ಬಾಯಲ್ಲಿ ಮಂಜುಗಡ್ಡೆಯ ಚೂರುಗಳನ್ನು ಇಟ್ಟುಕೊಂಡಿರಬೇಕು. ತಂಪಿಗೆ ಬಾಯಿಯ ರಕ್ತನಾಳಗಳು ಕುಗ್ಗುತ್ತವೆ, ವಿಷ ಅಲ್ಲಿಗೆ ಕಡಮೆ ತಲುಪುತ್ತದೆ, ಹುಣ್ಣು ಕಡಮೆಯಾಗುತ್ತದೆ. ಇಷ್ಟು ಸರಳವಾದ ಉಪಾಯ ಇಷ್ಟು ದೊಡ್ಡ ಚಿಕಿತ್ಸೆಯ ನಡುವೆ ಇರುವುದು ನಮಗೆ ಸೋಜಿಗವೆನಿಸುತ್ತದೆ. ಒಂದೆರಡು ದಿನಗಳಲ್ಲಿ ಕೋಶಗಳನ್ನು ಹಿಂದಿರುಗಿಸುತ್ತಾರೆ. ಅವನ್ನು ಘನೀಕರಿಸಿ ಇಟ್ಟಿದ್ದರೆ, ಸಂರಕ್ಷಣೆಗೆ ಬಳಸಿದ ದ್ರವದಿಂದ ರೋಗಿಯ ಉಸಿರು ಬೆಳ್ಳುಳ್ಳಿಯಂತೆ ನಾರುತ್ತದೆ. ಬಂದವರಿಗೆಲ್ಲ ಅದು ತಿಳಿಯುತ್ತದೆ. ಮೆಲ್ಫಲಾನ್ ದೇಹದಿಂದ ಬೇಗನೆ ಕಳೆದುಹೋಗುವುದರಿಂದ, ಭಾರತದ ಕೆಲವು ಆಸ್ಪತ್ರೆಗಳಲ್ಲಿ ಕೋಶಗಳನ್ನು ಘನೀಕರಿಸದೆ 4 ಡಿಗ್ರಿ ಶೈತ್ಯದಲ್ಲಿಯೇ ಇಟ್ಟು ಕೊಡುವುದುಂಟು. ಇದರಿಂದ ಖರ್ಚೂ ಉಳಿಯುತ್ತದೆ.

ನಿಜವಾದ ಕಷ್ಟ ಆರಂಭವಾಗುವುದು ಇದಾದ ಮೇಲೆ. ಮೊದಲ ಮೂರು ನಾಲ್ಕು ದಿನ ರೋಗಿಯು ಸಾಮಾನ್ಯವಾಗಿ ಗೆಲುವಾಗಿಯೇ ಇದ್ದು, ‘ಇಷ್ಟೇ ಏನು’ ಎಂದುಕೊಳ್ಳುತ್ತಾನೆ. ವಾರ ತುಂಬುವ ಹೊತ್ತಿಗೆ ಬಿಳಿಯ ರಕ್ತಕಣಗಳು ಇಲ್ಲವೆನ್ನುವಷ್ಟು ಇಳಿದಿರುತ್ತವೆ. ವಾಂತಿ, ಭೇದಿ, ಗಂಟಲ ಹುಣ್ಣು, ಜ್ವರ ಒಟ್ಟಿಗೆ ಬರುತ್ತವೆ. ನೀರು ನುಂಗುವುದೂ ಪ್ರಯಾಸ. ಸೋಂಕಿನ ಭಯದಿಂದ ಬಂಧುಗಳಿಗೆ ಪ್ರವೇಶ ವಿರಳ. ಪ್ರತಿದಿನದ ರಕ್ತಪರೀಕ್ಷೆಯ ಅಂಕಿಗಾಗಿ ಕಾಯುವುದೇ ದಿನಚರಿಯಾಗುತ್ತದೆ. ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಸಾಮಾನ್ಯವಾಗಿ ಆ ಅಂಕಿ ಏರತೊಡಗುತ್ತದೆ. ತಲೆಗೂದಲು ಉದುರುವುದೂ ಸುಮಾರು ಆ ಕಾಲದಲ್ಲೇ. ಮನೆಗೆ ಬಂದ ಮೇಲೂ ಆಯಾಸ ತಿಂಗಳುಗಟ್ಟಲೆ ಉಳಿಯುತ್ತದೆ. ನಾಲಗೆಗೆ ರುಚಿ ಬೇಗ ಮರಳುವುದಿಲ್ಲ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳನ್ನು ಪುನಃ ಹಾಕಿಸಬೇಕಾಗುತ್ತದೆ. ಇಷ್ಟರ ನಡುವೆ ನೂರಕ್ಕೆ ಒಬ್ಬಿಬ್ಬರು ಚಿಕಿತ್ಸೆಯಿಂದಲೇ ಸಾಯುವುದೂ ಉಂಟೆಂಬುದನ್ನು ಮರೆಮಾಚಬಾರದು.

ಇಷ್ಟನ್ನು ಸಹಿಸಿ ಪಡೆಯುವುದೇನು? 1996ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯೊಂದರಲ್ಲಿ 200 ರೋಗಿಗಳಿದ್ದರು. ತೀವ್ರ ಚಿಕಿತ್ಸೆಯ ಪಂಗಡದಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 52, ಹಳೆಯ ಚಿಕಿತ್ಸೆಯ ಪಂಗಡದಲ್ಲಿ 12 ಎಂದು ಗಣಿಸಲಾಯಿತು. ಆಗ ಉತ್ತರ ಸ್ಪಷ್ಟವಾಗಿತ್ತು. ಹೊಸ ಔಷಧಗಳು ಬಂದ ಮೇಲೆ ಅದು ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 722 ರೋಗಿಗಳಿದ್ದರು. ಕೋಶ ಹಿಂದಿರುಗಿಸುವ ಚಿಕಿತ್ಸೆಯನ್ನು ಆರಂಭದಲ್ಲೇ ಪಡೆದವರಲ್ಲಿ ರೋಗ ಉಲ್ಬಣಿಸದೆ ಕಳೆದ ಮಧ್ಯಮಾವಧಿ 67.5 ತಿಂಗಳು, ಹೊಸ ಔಷಧಗಳನ್ನು ಮಾತ್ರ ಪಡೆದು ಇದನ್ನು ಮುಂದಕ್ಕೆ ಹಾಕಿದವರಲ್ಲಿ 46.2 ತಿಂಗಳು. ಆದರೆ ಐದು ವರ್ಷಗಳ ಕೊನೆಗೆ ಎರಡೂ ಪಂಗಡಗಳಲ್ಲಿ ಬದುಕಿದ್ದವರು ನೂರಕ್ಕೆ ಸುಮಾರು 80. ಮಜ್ಜೆಯ ಮತ್ತೊಂದು ಅರ್ಬುದರೋಗ ಕಾಣಿಸಿಕೊಂಡ ಹತ್ತು ಮಂದಿಯೂ ಮೊದಲ ಪಂಗಡದವರೇ. ಆ ಪಂಗಡದ ರೋಗಿಗಳ ಜೀವನಸೌಖ್ಯವು ಚಿಕಿತ್ಸೆಯ ಬಳಿಕ ಗಮನಾರ್ಹವಾಗಿ ಕುಸಿದು, ಕಾಲಕ್ರಮದಲ್ಲಿ ಹಿಂದಿನ ಮಟ್ಟಕ್ಕೆ ಬಂದಿತು.

ಆದುದರಿಂದ ತೀವ್ರ ಚಿಕಿತ್ಸೆ ಕೊಡುವುದು ಗುಣವನ್ನಲ್ಲ, ರೋಗ ಮರುಕಳಿಸುವ ಮುನ್ನ ಸಿಗುವ ಬಿಡುವನ್ನು ಎಂದು ನಾವು ತಿಳಿಯುತ್ತೇವೆ. ಅದನ್ನು ಎರಡು ಮೂರು ವಾರಗಳ ಯಾತನೆ, ಕೆಲವು ತಿಂಗಳ ದೌರ್ಬಲ್ಯ ತೆತ್ತು ಕೊಳ್ಳಬೇಕೇ ಎಂಬ ಪ್ರಶ್ನೆಗೆ ಪ್ರಯೋಗಶಾಲೆಯೊಂದೇ ಉತ್ತರ ಕೊಡಲಾರದು. ಐವತ್ತು ವಯಸ್ಸಿನ ದುಡಿಯುವವನಿಗೂ, ಎಪ್ಪತ್ತರ ಹತ್ತಿರದ ಒಂಟಿ ವೃದ್ಧೆಗೂ ಆ ಬಿಡುವಿನ ಬೆಲೆ ಒಂದೇ ಅಲ್ಲ. ಈ ಕಾರಣದಿಂದ ರೋಗಿಯ ಅನುಭವವನ್ನು ಚಿಕಿತ್ಸೆಯ ಕಥೆಗೆ ಹಚ್ಚಿದ ಅನುಬಂಧವೆಂದು ಎಣಿಸದೆ, ಜೀವಿತಾವಧಿಯ ಅಂಕಿಗಳ ಪಕ್ಕದಲ್ಲೇ ಪ್ರಮಾಣವಾಗಿ ಇಡಬೇಕು. ಕೋಶಗಳನ್ನು ತೆಗೆದಿರಿಸಿಕೊಂಡು ಉಳಿದುದನ್ನು ರೋಗ ಮರಳುವ ತನಕ ಮುಂದೂಡುವ ಮಾರ್ಗವೂ ಇದೆ. ಅದನ್ನೂ ರೋಗಿಗೆ ಹೇಳಬೇಕಾದುದು ಮೆಲ್ಫಲಾನ್ ಕೊಡುವುದಕ್ಕೆ ಮೊದಲು.